ಬಿಸಿನೀರು ಬಂದ ಭಾನುವಾರ

ಊಲ್ಕಾನ್‌ಗೆ ಅವಳ ಮೂಗೇ ಶತ್ರು. ಬಿಷ್ಕೆಕ್‌ನ ಹಾಲಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಕ್ಯಾನುಗಳ ಮುಚ್ಚಳ ತೆಗೆದು, ಹುಳಿಯಾಗಿದೆಯೋ ಇಲ್ಲವೋ ಎಂದು ಮೂಸಿ ಮೂಸಿ, ಎದುರಿಗೆ ನಿಂತವನು ನಿನ್ನೆ ರಾತ್ರಿ ಏನು ತಿಂದ ಎಂಬುದನ್ನೂ ಆ ಮೂಗು ಕೇಳದೆಯೇ ಹೇಳಿಬಿಡುತ್ತಿತ್ತು. ಬಸ್ಸು ಹತ್ತಿದರೆ ಹೇಸಿಗೆ, ಲಿಫ್ಟು ಹತ್ತಿದರೆ ಹೇಸಿಗೆ. ಎಲ್ಲಕ್ಕಿಂತ ದೊಡ್ಡ ಹೇಸಿಗೆ ಕುರಿಯ ಕೊಬ್ಬು. ಕಿರ್ಗಿಜರ ಮನೆಯಲ್ಲಿ ಹುಟ್ಟಿ ಕುರಿಯ ಬಾಲದ ಕೊಬ್ಬು ಕಂಡು ವಾಕರಿಸುತ್ತೇನೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಐವತ್ತಾರು ವರ್ಷ ಅದನ್ನು ನುಂಗಿಕೊಂಡೇ ಬಂದಿದ್ದಳು, ಕೊಬ್ಬನ್ನೂ, ಗುಟ್ಟನ್ನೂ.

ಮೊದಲ ಮಗು ಹೆಣ್ಣಾಯಿತೆಂದು ಅಪ್ಪ ಅಮ್ಮ ಅವಳಿಗೆ ಗಂಡುಮಗನ ನೆನಪು ತರುವ ಹೆಸರಿಟ್ಟಿದ್ದರು, ಮುಂದಿನದಾದರೂ ಗಂಡಾಗಲಿ ಎಂದು. ಮುಂದಿನದು ಗಂಡೇ ಆಯಿತು. ಆ ಶಾರ್ಶೆನ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಊಲ್ಕಾನ್. ನರಿನ್ ಕಡೆಯ ಆ ಹಳ್ಳಿಮನೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಮಲಗುತ್ತಿದ್ದರು. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೆಲ್ಲ ಬದಲಿಸಬೇಕಿತ್ತು. ಪಕ್ಕದವರ ಬಾಯಿಯ ಗಾಳಿಯನ್ನೇ ಉಸಿರಾಡಿ ಬೆಳೆದವಳು ಪಟ್ಟಣಕ್ಕೆ ಬಂದು ಕೆಲಸ ಹಿಡಿದಳು, ಮೂರನೆಯ ಮಹಡಿಯಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಬಂದ ಗಂಡುಗಳು ಒಬ್ರೂ ಮೂಗಿಗೆ ಒಪ್ಲಿಲ್ಲ" ಅನ್ನುತ್ತಿದ್ದಳು. ಜನ ನಗುತ್ತಿದ್ದರು. ಅವಳು ನಿಜವನ್ನೇ ಹೇಳಿದ್ದಳು.

ಆ ಮನೆಯ ಸುಖಗಳು ಹೇಳಿಕೊಳ್ಳುವಂಥವಲ್ಲ. ಹಾಸಿಗೆಯಲ್ಲಿ ಅಡ್ಡಡ್ಡ ಮಲಗುವುದು. ರೊಟ್ಟಿಯ ಗರಿಗರಿ ಅಂಚನ್ನೆಲ್ಲ ಸುತ್ತ ಕಿತ್ತು ತಿಂದು ನಡುವಿನ ಮೆತ್ತನೆಯದನ್ನು ಹಾಗೇ ಬಿಡುವುದು. ಟೊಮೇಟೊ ಹಾಕಿ ಹುರಿದ ಮೊಟ್ಟೆಯನ್ನು ಬಾಣಲೆಯಿಂದಲೇ, ನಿಂತುಕೊಂಡೇ ತಿನ್ನುವುದು. ರೇಡಿಯೋದಲ್ಲಿ ಭಾಷಣ ಮಾಡುವವನಿಗೆ ಎದುರುತ್ತರ ಕೊಡುವುದು. ಒಂದು ಬೆಳಿಗ್ಗೆ ಅಂಗಳದ ಏಪ್ರಿಕಾಟ್ ಮರದ ಟೊಂಗೆಯೊಂದು ಬಾಲ್ಕನಿಯ ಸರಳು ದಾಟಿ ಒಳಗೇ ಬಂದು, ತಾನಾಗಿ ಎರಡು ಹಣ್ಣು ಉದುರಿಸಿ ಹೋಗಿತ್ತು. ವಾರವೆಲ್ಲ ಅವಳು ಅದೇ ಖುಷಿಯಲ್ಲಿದ್ದಳು. ಎಲ್ಲಕ್ಕಿಂತ ಮೇಲು ಬಚ್ಚಲಮನೆಯ ಚಿಲಕ. ಒಬ್ಬಳೇ ಇರುವ ಮನೆಯಲ್ಲಿ ಬಚ್ಚಲಿಗೆ ಚಿಲಕವೇಕೆ ಎಂದು ಕೇಳಬೇಡಿ. ಹಾಕಿಕೊಳ್ಳುತ್ತಿದ್ದಳು. ಆ 'ಟಕ್' ಶಬ್ದ ಕೇಳಿದರೆ ಅವಳಿಗೆ ಹೆಗಲು ಹಗುರಾಗುತ್ತಿತ್ತು.

ಬಂಧುಗಳ ಕಣ್ಣಿಗೆ ಇದೆಲ್ಲ ಕಾಣುತ್ತದೆಯೇ? ಅವರಿಗೆ ಕಾಣುವುದು ಒಂಟಿ ಹೆಂಗಸು, ಪಾಪ. ಯಾವ ಮದುವೆಗೆ ಹೋಗಲಿ, ತೊಟ್ಟಿಲಿಗೆ ಹೋಗಲಿ, ಹೊರಡುವಾಗ ಅವಳ ಕೈಗೆ ಊಟದಲ್ಲಿ ಉಳಿದದ್ದನ್ನು ತುಂಬಿದ ಪ್ಲಾಸ್ಟಿಕ್ ಚೀಲ. ಎಲ್ಲರಿಗೂ ಒಂದು ಚೀಲ, ಇವಳಿಗೆ ಮೂರು. "ಒಬ್ಳೇ ಇರ್ತಾಳೆ, ಮನೇಲಿ ಏನು ಬೇಯಿಸ್ಕೋತಾಳೋ" ಎಂದು ಎಲುಬು, ಕೊಬ್ಬು, ಬಿಸ್ಕತ್ತು, ದ್ರಾಕ್ಷಿ, ಅರ್ಧ ಕಚ್ಚಿದ ಬೋರ್ಸೋಕ್ ವಡೆ, ಎಲ್ಲ ಕಲಸುಮೇಲೋಗರ. ಬಿಸಾಡಿದರೆ ಪಾಪ, ಇಟ್ಟುಕೊಂಡರೆ ನಾತ. ಅಂಗಳದ ನಾಯಿಗಳು ಅವಳನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದುದು ಸುಮ್ಮನೆ ಅಲ್ಲ.

ಆ ವರ್ಷ ಬೇಸಿಗೆಯಲ್ಲಿ ತಮ್ಮನ ಹೆಂಡತಿ ಅನಿಪಾ ಫೋನ್ ಮಾಡಿದಳು.

"ಅತ್ತಿಗೆ, ನಮ್ಮ ಅಯ್ಜಿರೆಕ್‌ಗೆ ಅಲ್ಲಿ ಕಾಲೇಜು ಸಿಕ್ತು. ಭಾನುವಾರ ಕರ್ಕೊಂಡು ಬರ್ತೀವಿ. ನಿಮ್ಮ ಜೊತೇಲೇ ಇರ್ತಾಳೆ."

"ಹಾಸ್ಟೆಲ್ ಇದೆಯಲ್ಲ ಅಲ್ಲಿ?"

"ಸೋದರತ್ತೆ ಮನೆ ಇಟ್ಕೊಂಡು ಹಾಸ್ಟೆಲ್ಲಾ? ನೋಡಿದೋರು ಏನಂತಾರೆ? ನಿಮಗೂ ಒಂದು ಜೀವ ಜೊತೆಗಾಯ್ತು. ಒಬ್ರೇ ಗೂಬೆ ಥರ ಕೂತಿರೋದು ತಪ್ಪತ್ತೆ."

ಅಯ್ಜಿರೆಕ್ ಕೆಟ್ಟ ಹುಡುಗಿಯೇನಲ್ಲ. ಆದರೆ ಬೆರಳು ಕೊಟ್ಟರೆ ಹಸ್ತ ನುಂಗುವ ವಂಶ ಅದು. ಇವತ್ತು ಅಯ್ಜಿರೆಕ್, ನಾಳೆ ಅವಳ ತಂಗಿ, ನಾಡಿದ್ದು ಹಲ್ಲುನೋವಿಗೆ ಬಂದ ಚಿಕ್ಕಮ್ಮ, ಆಚೆ ನಾಡಿದ್ದು ಕಾರು ರಿಪೇರಿಗೆ ಬಂದ ಭಾವ. ಇದೇ ಊರಲ್ಲಿ ಅವಳ ಗೆಳತಿಯೊಬ್ಬಳು ಹೀಗೆ ಒಬ್ಬರಿಗೆ ಹೂಂ ಎಂದು, ಈಗ ಸ್ವಂತ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಾಳೆ. ಬೇಡ ಎನ್ನಲು ಬಾಯಿಲ್ಲ. ಕಿರ್ಗಿಜರಲ್ಲಿ ಬಂಧುವಿಗೆ ಬೇಡ ಎಂಬ ಮಾತೇ ಇಲ್ಲ. ಶನಿವಾರ ಸಂಜೆ ಊಲ್ಕಾನ್ ತನ್ನ ಫೋನು ಆಫ್ ಮಾಡಿ, ಕೆಳಗಿನ ಮನೆಯ ರಷ್ಯನ್ ಅಜ್ಜಿ ಝಿನಾಯ್ದಾಳ ಬಾಗಿಲು ತಟ್ಟಿದಳು. ತಮ್ಮನ ಹತ್ತಿರ ಆ ಅಜ್ಜಿಯ ನಂಬರೂ ಇತ್ತು.

"ನಾಳೆ ಬೆಳಿಗ್ಗೆ ನನ್ನ ತಮ್ಮ ಫೋನ್ ಮಾಡ್ತಾನೆ. ನಂಗೆ ಸ್ವಲ್ಪ ಹುಷಾರಿಲ್ಲ ಅಂತ ಹೇಳ್ಬಿಡಿ ಅಜ್ಜಿ."

"ನಂಗೆ ಸುಳ್ಳು ಹೇಳೋಕೆ ಬರಲ್ಲಮ್ಮ."

"ಮೆಲ್ಲಗೆ ಹೇಳಿ. ಮೆಲ್ಲಗೆ ಹೇಳಿದ್ರೆ ಯಾವ ಸುಳ್ಳೂ ಸತ್ಯದ ಹಾಗೇ ಕೇಳತ್ತೆ."

ಎಡವಟ್ಟಾಗಿದ್ದು ಇಲ್ಲೇ. ಕಿರ್ಗಿಜರಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ದೂರದಲ್ಲಿರುವವರಿಗಂತೂ ಇಲ್ಲವೇ ಇಲ್ಲ. ಅಪ್ಪ ತೀರಿಕೊಂಡಾಗ ಊಲ್ಕಾನ್‌ಗೂ ಹೇಳಿದ್ದು, "ಅಪ್ಪನಿಗೆ ಸ್ವಲ್ಪ ನೆಗಡಿ, ಬಿಡುವಾದ್ರೆ ಬಂದು ಹೋಗು" ಎಂದೇ. ಅಷ್ಟಕ್ಕೇ ಅವಳು ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬದುಕಿರುವವರಿಗೆ ತಮ್ಮ ಸಾವು ಯಾಕೆ ನೆನಪಾಗುತ್ತದೆ?

ಭಾನುವಾರ ಬೆಳ್ಳಂಬೆಳಿಗ್ಗೆ ಶಾರ್ಶೆನ್ ಅಜ್ಜಿಗೆ ಫೋನ್ ಮಾಡಿದ. ಅಜ್ಜಿ ಊಲ್ಕಾನ್ ಹೇಳಿಕೊಟ್ಟ ಹಾಗೆಯೇ ಮಾಡಿದಳು, ದನಿ ಎಷ್ಟು ಮೆಲ್ಲಗಾಗುತ್ತದೋ ಅಷ್ಟು ಮೆಲ್ಲಗೆ ಮಾಡಿಕೊಂಡು, "ನಿಮ್ಮಕ್ಕನಿಗೆ ಸ್ವಲ್ಪ ಹುಷಾರಿಲ್ಲಪ್ಪ. ಗಾಬರಿ ಮಾಡ್ಕೋಬೇಡಿ" ಅಂದಳು.

ಆ ಕಡೆ ಶಾರ್ಶೆನ್ ದನಿಯೂ ಮೆಲ್ಲಗಾಯಿತು. "ಯಾವಾಗಿಂದ?"

"ನಿನ್ನೆ ಸಂಜೆಯಿಂದ. ಮನೇಲೇ ಮಲಗಿದಾಳೆ."

"ನೋವು ಗೀವು..."

"ಇಲ್ಲಪ್ಪ, ಈಗೇನೂ ನೋವಿಲ್ಲ."

ಇಷ್ಟು ಹೇಳಿ, ಸುಳ್ಳಿನ ಪಾಪ ಕಳೆದುಕೊಳ್ಳಲು ಅಜ್ಜಿ ನೇರ ಚರ್ಚಿಗೆ ಹೋದಳು.

ಇತ್ತ ಊಲ್ಕಾನ್‌ಗೆ ಅವತ್ತು ಹಬ್ಬ. ಬೇಸಿಗೆ ಬಂತೆಂದರೆ ಕೊಳವೆ ರಿಪೇರಿ ಎಂದು ಊರಿಗೆಲ್ಲ ಬಿಸಿನೀರು ನಿಲ್ಲಿಸುತ್ತಾರೆ. ತಿಂಗಳೆಲ್ಲ ಪಾತ್ರೆಯಲ್ಲಿ ನೀರು ಕಾಯಿಸಿ ಚೊಂಬಿನಲ್ಲಿ ಹುಯ್ದುಕೊಂಡು ತನ್ನ ಮೈಯ ವಾಸನೆಗೆ ತಾನೇ ಅಸಹ್ಯಪಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಚ್ಚಲಿನ ಕೊಳವೆ ಗುಡುಗಿತು, ಕೆಮ್ಮಿತು, ತುಕ್ಕಿನ ಕೆಂಪು ಉಗುಳಿತು. ಆಮೇಲೆ ಬಂತು ನೋಡಿ, ಹೊಗೆಯಾಡುವ ಬಿಸಿನೀರು! ತೊಟ್ಟಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಬಾಯಿಯವರೆಗೂ ತುಂಬಿಸಿ, ಚಿಲಕ ಹಾಕಿ, ಗಲ್ಲದವರೆಗೆ ಮುಳುಗಿ ಮಲಗಿದಳು. ಅವರು ಬರುವುದಿಲ್ಲ. ಮನೆ ಉಳಿಯಿತು. ಆಹಾ ಅಂದಳು, ಗಟ್ಟಿಯಾಗಿಯೇ.

ಅಷ್ಟರಲ್ಲಿ ಅಂಗಳದಲ್ಲಿ ಗಂಡಸರ ಗೋಳು ಎದ್ದಿತು. "ಓ ನನ್ನಕ್ಕಾ! ಬೆಟ್ಟದಂಥ ನನ್ನಕ್ಕಾ!" ಸಾವಿನ ಮನೆಗೆ ಗಂಡಸರು ಸೊಂಟಕ್ಕೆ ಕೈಕೊಟ್ಟು, ಬಗ್ಗಿ, ಓಡುತ್ತ ಅಳುತ್ತ ಬರುವ ಆ ಗೋಳು. ಯಾರೋ ಹೋದರು, ಪಾಪ, ನಾಲ್ಕನೆಯ ಮಹಡಿಯ ಮುದುಕಿಯೇ ಇರಬೇಕು ಅಂದುಕೊಂಡಳು. ಮರುಕ್ಷಣ ಮೂಗು ನೆನಪಿಸಿತು: ಇನ್ನು ಮೂರು ದಿನ ಅಂಗಳದಲ್ಲಿ ಕುರಿ ಬೇಯಿಸುತ್ತಾರೆ. ಥೂ, ಸಾಯುವುದಕ್ಕೂ ಇವರಿಗೆ ಬಿಸಿನೀರು ಬಂದ ದಿನವೇ ಆಗಬೇಕೆ?

ಗೋಳು ಮೆಟ್ಟಿಲು ಹತ್ತಿತು. ಎರಡನೆಯ ಮಹಡಿ ದಾಟಿತು. ಮೂರನೆಯದರಲ್ಲಿ ನಿಂತಿತು. ನಿಂತದ್ದು ಅವಳದೇ ಬಾಗಿಲಿಗೆ. ಈಗ ಹೆಂಗಸಿನ ದನಿ, ರಾಗವಾಗಿ, ಪದ ಕಟ್ಟಿ ಅಳುತ್ತಿದೆ: "ಬಾಗಿಲು ಮುಚ್ಚದ ಅತ್ತಿಗೆ, ಬಂದೋರಿಗೆಲ್ಲ ಹಾಸಿಗೆ ಹಾಸಿದ ಅತ್ತಿಗೆ, ಬಿಳಿ ಹಂಸದಂಥ ಅತ್ತಿಗೆ..." ಅನಿಪಾ! ಊಲ್ಕಾನ್ ನೀರಿನಲ್ಲೇ ಎದ್ದು ಕೂತಳು. ನಿನ್ನೆಯವರೆಗೆ ಗೂಬೆ, ಸತ್ತ ಕೂಡಲೇ ಹಂಸ. ಒದ್ದೆ ಮೈಗೆ ನಿಲುವಂಗಿ ಸುತ್ತಿಕೊಂಡು, ತಲೆಗೆ ತನ್ನ ಒಳ್ಳೆಯ ಟವೆಲು ಕಟ್ಟಿಕೊಂಡು ಬಾಗಿಲ ಹತ್ತಿರ ಬಂದಳು. ಬಾಗಿಲ ಆಚೆ ಅನಿಪಾ ಪದದ ಒಂದು ಸಾಲು ಮುಗಿಸಿ, ಇನ್ನೊಂದು ಸಾಲು ಎತ್ತುವ ಮುಂಚೆ, ಸಂತೆಯ ದನಿಯಲ್ಲಿ ಮಗಳಿಗೆ ಹೇಳಿದಳು: "ಬಾಲ್ಕನಿಗೆ ಗಾಜು ಹಾಕ್ಸಿದ್ರೆ ಅದೂ ಒಂದು ರೂಮೇ ಕಣೇ. ಬೀಗದ ಕೈ ಯಾರ ಹತ್ರ ಇದೆ ಕೇಳು."

ಊಲ್ಕಾನ್ ಬಾಗಿಲು ತೆರೆದಳು.

ಗೋಳು ಕತ್ತರಿಸಿದ ಹಾಗೆ ನಿಂತಿತು. ಕೆಳಗೆ ಇನ್ನೂ ಮೆಟ್ಟಿಲು ಹತ್ತುತ್ತಿದ್ದ ದೊಡ್ಡಪ್ಪನದು ಮಾತ್ರ ಮುಂದುವರಿದಿತ್ತು, ಕಿವಿ ಮಂದ.

"ಅಕ್ಕಾ... ನೀ ಸತ್ತಿಲ್ವಾ?" ಶಾರ್ಶೆನ್‌ನ ಮುಖವೆಲ್ಲ ಊದಿತ್ತು.

"ಸ್ನಾನ ಮಾಡ್ತಿದ್ದೆ."

ಅವನು ಅವಳನ್ನು ತಬ್ಬಿಕೊಂಡು, ಮೊದಲಿಗಿಂತ ಜೋರಾಗಿ ಅತ್ತ. ಅವನ ಮೈಯಲ್ಲಿ ಕುರಿ, ಪೆಟ್ರೋಲು, ಬೆವರು. ಅವಳು ಉಸಿರು ಬಿಗಿಹಿಡಿದು ಬೆನ್ನು ತಟ್ಟಿದಳು. ನಾನೇ ಹೇಳಿಸಿದ ಸುಳ್ಳು, ನಾನೇ ಉಣ್ಣಬೇಕು ಅಂದುಕೊಂಡಳು.

ಉಂಡದ್ದು ಬೇರೆಯೇ. ಕಾರಿನ ಹಿಂದೆ ಕುರಿ ಇತ್ತು. ಸಾವಿಗೆಂದು ತಂದ ಕುರಿಯನ್ನು ಜೀವಂತ ವಾಪಸು ಒಯ್ದರೆ ಅಪಶಕುನ, ಬದುಕಿದವಳ ಆಯಸ್ಸಿಗೆಂದು ಇಲ್ಲೇ ಕಡಿಯಬೇಕು ಎಂದು ದೊಡ್ಡಪ್ಪ ತೀರ್ಪು ಕೊಟ್ಟ. ಅಂಗಳದಲ್ಲಿ ಕಡಿದರು. ಕರುಳು, ಜಠರಗಳ ಬೇಸಿನ್ ಹೊತ್ತು ಹೆಂಗಸರು ಮೇಲೆ ಬಂದರು. ಬಚ್ಚಲಿಗೆ ನುಗ್ಗಿದವರು ಸಂಭ್ರಮದಿಂದ ಕೂಗಿದರು: "ಅಯ್ಯೋ ಬಿಸಿನೀರು! ಎಂಥಾ ಪುಣ್ಯವಂತ್ರು ಅತ್ತಿಗೆ ನೀವು!"

ತಿಂಗಳಿಡೀ ಕಾದ ನೀರು. ಉಜ್ಜಿ ಬೆಳ್ಳಗೆ ಮಾಡಿದ ತೊಟ್ಟಿ. ಅದರೊಳಗೆ ಹಸಿರುಹಸಿರಾಗಿ ಅರ್ಧ ಜೀರ್ಣವಾದ ಹುಲ್ಲು ತೇಲಿತು; ಕರುಳುಗಳು ಒಂದರ ಮೇಲೊಂದು ಜಾರಿದವು; ತಣ್ಣಗಾಗುತ್ತಿದ್ದ ಕೊಬ್ಬು ಅಂಚಿನ ಸುತ್ತ ಬೂದುಬಣ್ಣದ ಬಳೆ ಕಟ್ಟಿತು. ಅವಳ ಮೈಗೆ ಉಜ್ಜಿಕೊಳ್ಳುವ ನಾರಿನಿಂದಲೇ ಅನಿಪಾ ಜಠರ ತಿಕ್ಕುತ್ತಿದ್ದಳು. ಊಲ್ಕಾನ್‌ಗೆ ಅದನ್ನು ನೋಡಲಾಗಲಿಲ್ಲ. ಬಾಲ್ಕನಿಗೆ ಓಡಿದರೆ ಅಲ್ಲಿ ಅಯ್ಜಿರೆಕ್ ಆಗಲೇ ಮೂಗು ಹಿಡಿದು ನಿಂತಿದ್ದಳು. ಪಕ್ಕಕ್ಕೆ ಸರಿದು ಅತ್ತೆಗೆ ಜಾಗ ಮಾಡಿಕೊಟ್ಟಳು.

ಸಂಜೆಗೆ ಎಲ್ಲರೂ ನೆಲದ ಮೇಲೆ ಸುತ್ತ ಕೂತರು. ವಯಸ್ಸು, ಮಾನಮರ್ಯಾದೆ ನೋಡಿ ಎಲುಬು ಹಂಚಾಯಿತು. ಸತ್ತು ಬದುಕಿದವಳೆಂದು ಊಲ್ಕಾನ್‌ಗೆ ಬಾಲದ ಕೊಬ್ಬಿನ ದೊಡ್ಡ ತುಂಡು. ಅವಳು ಅದನ್ನು ನೋಡುತ್ತ ಕೂತಾಗ ಅನಿಪಾ ಬೆರಳು ನೆಕ್ಕುತ್ತ ಶುರು ಮಾಡಿದಳು.

"ನೋಡಿದ್ರಲ್ಲ ಅತ್ತಿಗೆ, ಒಬ್ರೇ ಇದ್ರೆ ಏನಾಗತ್ತೆ ಅಂತ. ನಿಜವಾಗ್ಲೂ ಏನಾದ್ರೂ ಆಗಿದ್ರೆ? ವಾಸನೆ ಬಂದ್ಮೇಲೇ ಗೊತ್ತಾಗ್ತಿತ್ತು. ಇನ್ನು ಮಾತೇ ಇಲ್ಲ, ಇವತ್ತಿಂದ ಅಯ್ಜಿರೆಕ್ ಇಲ್ಲೇ. ಅವಳ ಹಾಸಿಗೆ ಕಾರಲ್ಲೇ ಇದೆ, ತರಿಸ್ತೀನಿ."

ಎಲ್ಲರೂ ಹೌದುಹೌದು ಅಂದರು. ಊಲ್ಕಾನ್ ತಟ್ಟೆ ಕೆಳಗಿಟ್ಟಳು.

"ಅನಿಪಾ, ನಾನು ಸತ್ತಿದೀನಿ ಅಂತ ಬಂದ್ರಿ ಅಲ್ವಾ?"

"ಹೂಂ ಮತ್ತೆ."

"ಹಾಗಾದ್ರೆ ಹಾಸಿಗೆ ಯಾರಿಗೆ ತಂದೆ?"

ಅನಿಪಾ ನೆಕ್ಕಿದ ಬೆರಳನ್ನೇ ಮತ್ತೆ ನೆಕ್ಕಿದಳು. ದೊಡ್ಡಪ್ಪ "ಏನಂತೆ?" ಎಂದು ಪಕ್ಕದವರನ್ನು ಕೇಳಿದ. ಎಲ್ಲರ ಕಣ್ಣೂ ಶಾರ್ಶೆನ್ ಮೇಲೆ. ಅವನು ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ, ಎದ್ದು, ಕೈ ತೊಳೆದು ಬರ್ತೀನಿ ಎಂದು ಬಚ್ಚಲಿಗೆ ಹೋದ. ಟಕ್ ಎಂದು ಚಿಲಕ ಬಿತ್ತು.

ಹೋದವನು ಬರಲಿಲ್ಲ. ಚಹಾ ಆಯಿತು. ಅನಿಪಾ ಬಾಗಿಲು ಬಡಿದಳು, "ರೀ, ಏನ್ಮಾಡ್ತಿದೀರಿ?" ನೀರು ಬೀಳುವ ಸದ್ದು ಬಿಟ್ಟು ಉತ್ತರವಿಲ್ಲ. ದೊಡ್ಡಪ್ಪನಿಗೆ ಅವಸರವಾಗಿ ಅವನೂ ಬಡಿದ. ಊಹೂಂ. ಕೊನೆಗೆ ಊಲ್ಕಾನ್ ಹೋಗಿ ಮೆಲ್ಲಗೆ, "ಶಾರ್ಶೆನ್?" ಅಂದಳು.

"ಇರಕ್ಕಾ. ಇನ್ನೊಂದು ಚೂರು."

ಹೊರಗೆ ಬಂದಾಗ ಅವನ ಮುಖ ಹಬೆಗೆ ಕೆಂಪಾಗಿತ್ತು, ಅಂಗಿಯ ತೋಳುಗಳು ತೊಯ್ದು ತೊಪ್ಪೆ. "ಅಯ್ಜಿರೆಕ್ ಹಾಸ್ಟೆಲ್‌ಗೆ ಹೋಗ್ತಾಳೆ" ಅಂದ.

"ಅಲ್ಲಾ, ಜನ..."

"ಹೋಗ್ತಾಳೆ ಅಂದೆ."

ಅಯ್ಜಿರೆಕ್ ತಲೆ ಬಗ್ಗಿಸಿ ನಕ್ಕದ್ದು ಊಲ್ಕಾನ್‌ಗೆ ಮಾತ್ರ ಕಾಣಿಸಿತು.

ಹೊರಡುವಾಗ ಚೀಲ ತುಂಬುವ ಸರದಿ ಊಲ್ಕಾನ್‌ಳದು. ತನ್ನ ಪಾಲಿನ ಬಾಲದ ಕೊಬ್ಬನ್ನೂ, ಉಳಿದ ಕರುಳನ್ನೂ, ಒಂದು ಹಿಡಿ ಬಿಸ್ಕತ್ತನ್ನೂ ಒಟ್ಟಿಗೇ ಸುರಿದು, ಮೂರು ಚೀಲ ಗಂಟು ಹಾಕಿ ಅನಿಪಾಳ ಕೈಗೆ ಕೊಟ್ಟು, "ತಗೋ, ಮನೇಲಿ ಜನ ಜಾಸ್ತಿ, ಪಾಪ" ಅಂದಳು. ಆ ದಿನದಲ್ಲಿ ಅವಳಿಗೆ ಸಿಕ್ಕ ಎರಡನೆಯ ಸುಖ ಅದು.

ಎಲ್ಲರೂ ಇಳಿದ ಮೇಲೆ ಶಾರ್ಶೆನ್ ಮೆಟ್ಟಿಲ ಮೇಲೆ ಹಿಂದೆ ಉಳಿದ.

"ಚಿಲಕ ಹಾಕ್ಕೊಂಡೆ ಅಕ್ಕಾ. ಹೊರಗಿಂದ ಕೂಗಿದ್ರು, ನಾನು ಓ ಅನ್ಲಿಲ್ಲ. ಐವತ್ತು ವರ್ಷಕ್ಕೆ ಇದೇ ಮೊದಲು ನೋಡು." ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಯಾವಾಗ್ಲಾದ್ರೂ... ನಾನೊಬ್ನೇ ಬರ್ಲಾ? ಮಾತಾಡ್ಸೋದೇನೂ ಬೇಡ. ಸುಮ್ನೆ ಕೂತು ಹೋಗ್ತೀನಿ."

"ಕುರಿ ತರೋ ಹಾಗಿಲ್ಲ."

"ತರಲ್ಲ."

"ಸ್ನಾನ ಮಾಡ್ಕೊಂಡು ಬಾ."

"ಇಲ್ಲೇ ಮಾಡ್ತೀನಲ್ಲ" ಎಂದು ಅವನು ಇಳಿದು ಹೋದ.

ಕಿಟಕಿಗಳನ್ನೆಲ್ಲ ತೆರೆದು, ಸೆರಗಿನಂತೆ ಸ್ಕಾರ್ಫನ್ನು ಮೂಗಿಗೆ ಕಟ್ಟಿಕೊಂಡು, ಆ ಹೇಸಿಗೆ ಬಳಿಯಲು ಬಚ್ಚಲಿಗೆ ಹೋದಳು. ತೊಟ್ಟಿ ಬೆಳ್ಳಗಿತ್ತು. ಕೊಬ್ಬಿನ ಬಳೆ ಇಲ್ಲ, ಹುಲ್ಲಿಲ್ಲ, ನೆಲದಲ್ಲೂ ಒಂದು ಎಳೆ ಇಲ್ಲ. ಹುಟ್ಟಿದಾಗಿನಿಂದ ಒಂದು ಲೋಟ ತೊಳೆದವನಲ್ಲ ಶಾರ್ಶೆನ್.

ತೊಳೆದದ್ದು ಯಾವುದರಿಂದ ಎಂದು ಆಮೇಲೆ ಕಾಣಿಸಿತು. ಕುರಿ ಬಂದ ಗಲಾಟೆಯಲ್ಲಿ ತಲೆಯಿಂದ ಬಿಚ್ಚಿ ಇಲ್ಲಿ ನೇತುಹಾಕಿದ್ದ ಅವಳ ಒಳ್ಳೆಯ ಟವೆಲು, ಕೊಬ್ಬು ಕುಡಿದು ಬೂದುಬಣ್ಣಕ್ಕೆ ತಿರುಗಿ, ಅಚ್ಚುಕಟ್ಟಾದ ಮಡಿಕೆಯಲ್ಲಿ ನಲ್ಲಿಯ ಮೇಲೆ ಒಣಗುತ್ತಿತ್ತು. ಥೂ, ಕತ್ತೆ, ಅಂದಳು. ಎರಡೇ ಬೆರಳಲ್ಲಿ ಅದರ ತುದಿ ಹಿಡಿದು, ಕೈ ದೂರ ಚಾಚಿಕೊಂಡು ಕಸದ ಬುಟ್ಟಿಯವರೆಗೂ ಹೋದಳು. ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ವಾಪಸು ಬಂದು, ಒಳಗಿನಿಂದ ಚಿಲಕ ಹಾಕಿ, ಬಕೆಟ್ಟಿಗೆ ಬಿಸಿನೀರು ಬಿಟ್ಟು, ವಾಕರಿಸುತ್ತಲೇ ಟವೆಲನ್ನು ನೆನೆಹಾಕಿದಳು.