ಕರೆಂಟು ಹೋದಾಗ ಕೇಳಿಸಿದ ಪಾಠ

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ದೊಡ್ಡಬಳ್ಳಾಪುರದ ಶಾಲೆಗೆ ಮೇಷ್ಟ್ರಾಗಿ ಹೋದಾಗ, ಮಕ್ಕಳ ಭಯಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬಗೆಬಗೆಯಾಗಿ ವಿಂಗಡವಾಗಿದ್ದವು. ಎಪ್ಪತ್ತೊಂದೋ ಎಪ್ಪತ್ತೆರಡೋ ಇರಬೇಕು. ಇಸವಿಯೇ ನೆನಪಿಲ್ಲದವನು ಆಡಿದ ಮಾತನ್ನೆಲ್ಲ ಹಾಗೇ ಬರೆಯುತ್ತೇನೆಂದರೆ ಓದುವವರು ಸ್ವಲ್ಪ ಕಡಿಮೆಯೇ ನಂಬುವುದು ಒಳ್ಳೆಯದು.

ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ವಿದ್ಯುತ್ ಮಗ್ಗದವರ ಮಗಳು. ಬರೆದರೆ ಎಲ್ಲರಿಗಿಂತ ಮುಂದೆ. ಎದ್ದು ಹೇಳೆಂದರೆ ಬಾಯಿಗೆ ಬೀಗ. ನಾನು ಶಾಸ್ತ್ರಪ್ರಕಾರ ಚಿಕಿತ್ಸೆ ಶುರುಮಾಡಿದೆ. ಅವಳನ್ನು ಮುಂದಿನ ಬೆಂಚಿಗೆ ಕರೆಸಿ, ಉಳಿದವರು ಪಿಟ್ಟೆನ್ನಬಾರದೆಂದು ತಾಕೀತು ಮಾಡಿ, ಕತ್ತು ಓರೆಮಾಡಿ, "ಭಯ ಪಡಬೇಡಮ್ಮಾ, ನಿಧಾನವಾಗಿ ಹೇಳು" ಎನ್ನುತ್ತಿದ್ದೆ. ಇಡೀ ತರಗತಿ ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿತ್ತು. ಮೊದಲು ಹಾಜರಿಗಾದರೂ "ಸಾರ್" ಎನ್ನುತ್ತಿದ್ದವಳು ತಿಂಗಳೊಳಗೆ ಬರೀ ಕೈ ಎತ್ತತೊಡಗಿದಳು. ಅಷ್ಟು ಸುಧಾರಿಸಿದ್ದೆ.

ಅವಳಪ್ಪ ಶಾಲೆಗೇ ಬಂದ. "ಬಾಯ್ ಬಿಡ್ದಿರೋ ಹುಡ್ಗಿಗೆ ಇಸ್ಕೂಲ್ ಯಾಕೆ ಮೇಷ್ಟ್ರೇ? ದಸರಾ ಆದ್ಮೇಲೆ ನೂಲು ಸುತ್ತೋಕೆ ಕೂರಿಸ್ಕೊಂಡ್ಬಿಡ್ತೀನಿ."

ಅವನ ಮನಸ್ಸು ತಿರುಗಿಸಲು ಒಂದು ಸಂಜೆ ಮನೆಗೆ ಹೋದೆ. ನಡುಮನೆಯಲ್ಲಿ ನಾಲ್ಕು ಮಗ್ಗ ಧಡಧಡಿಸುತ್ತಿದ್ದವು. ಅವನು ಏನೋ ಕಿರುಚಿದ, ನಾನೂ ಕಿರುಚಿದೆ. ನನಗೆ ಕಂಡದ್ದು ಅವನ ತುಟಿ ಮಾತ್ರ. ಆಚೆ ಮೂಲೆಯಲ್ಲಿ ಹುಡುಗಿ ನನಗೆ ಬೆನ್ನುಮಾಡಿ ಅಜ್ಜಿಯೆದುರು ಏನೋ ಅಭಿನಯಿಸುತ್ತಿದ್ದಳು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ನಿಂತವು. ಹುಡುಗಿಯ ದನಿ ಮಾತ್ರ ನಿಲ್ಲದೆ ಬೀದಿಗೇ ಕೇಳುವಂತೆ ಮೊಳಗಿತು: "ಭಯ ಪಡಬೇಡಮ್ಮಾ! ನಿಧಾನವಾಗಿ ಹೇಳೂ!"

ಕತ್ತೂ ನನ್ನಷ್ಟೇ ಓರೆಯಾಗಿತ್ತು.

"ಯಾರೇ ಅದು, ಅಷ್ಟು ನಾಜೂಕಾಗಿ ಮಾತಾಡೋನು?" ಎಂದಳು ಅಜ್ಜಿ. "ಮೈಗೆ ಹುಷಾರಿಲ್ವಾ ಅವ್ನಿಗೆ?"

ಹುಡುಗಿ ತಿರುಗಿ ನನ್ನನ್ನು ಕಂಡು ಕಂಬವಾದಳು. ಆಗ ನಾನು ಮನಸಾರೆ ನಕ್ಕೆನೆಂದೇ ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ಕಿವಿ ಬಿಸಿಯಾದದ್ದು ಮಾತ್ರ ಖಚಿತ.

"ಬಾಯೈತಲ್ಲ ಮೇಷ್ಟ್ರೇ ಇವ್ಳಿಗೆ!" ಎಂದ ಅಪ್ಪ.

"ಅದನ್ನ ತರಗತೀಲೂ ಬಿಡಿಸ್ತೀನಿ, ದಸರಾವರೆಗೂ ತಡೀರಿ" ಎಂದೆ.

ಹುಟ್ಟಿದಾಗಿನಿಂದ ಸದ್ದಿನೊಳಗೇ ಮಾತು ಕಲಿತವಳಿಗೆ ನಾನು ನಿಶ್ಶಬ್ದವನ್ನು ಕಷಾಯದಂತೆ ಕುಡಿಸುತ್ತಿದ್ದೆ. ಇದಕ್ಕೆ ನೋಟ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಮರುದಿನ ಎಲ್ಲರಿಗೂ ಪದ್ಯವನ್ನು ಗಂಟಲು ಹರಿಯುವಂತೆ ಕೂಗಲು ಹೇಳಿ, ಆ ಗದ್ದಲದ ನಡುವೆ ಅವಳನ್ನು ಎಬ್ಬಿಸಿ, ಅರ್ಕಾವತಿ ಎಲ್ಲಿ ಹುಟ್ಟುತ್ತದೆಂದು ಅರಚಿದೆ. "ನಂದಿಬೆಟ್ಟದಲ್ಲಿ ಸಾರ್!" ಎಂದು ಅವಳೂ ಅರಚಿದಳು.

ಹೆಡ್‌ಮಾಸ್ಟರು ಬೆತ್ತ ಹಿಡಿದು ಓಡಿಬಂದರು. "ಏನ್ರೀ ಇದು, ಸಂತೇನಾ?"

ತರಗತಿ ಗಪ್‌ಚಿಪ್ಪಾಯಿತು. ನಾನು ಮೇಜಿನ ಮೇಲಿನ ಪುಸ್ತಕ ತಿರುವತೊಡಗಿದೆ. ಎದ್ದು ನಿಂತೇ ಇದ್ದ ಹುಡುಗಿ ಮಗ್ಗದ ಮನೆಯ ದನಿಯಲ್ಲಿ ಹೇಳಿದಳು: "ಅಲ್ಲಾ ಸಾರ್, ಭೂಗೋಳ!"

ಹೆಡ್‌ಮಾಸ್ಟರು ನನಗೆ ಮೆಮೊ ಕೊಟ್ಟರು. ದಸರಾ ಮುಗಿದ ಮೊದಲ ದಿನ ಹುಡುಗಿ ಬಂದಳು, ತಾನಾಗಿಯೇ ಹಿಂದಿನ ಬೆಂಚಿನಲ್ಲಿ ಕೂತಳು. ಹೆಸರು ಕರೆದಾಗ ಹೆಂಚು ಹಾರುವಂತೆ "ಸಾರ್!" ಎಂದಳು. ಸ್ವಲ್ಪ ನಿಧಾನವಾಗಿ ಹೇಳಮ್ಮಾ ಎನ್ನಬೇಕೆನಿಸಿತು. ಧೈರ್ಯ ಬರಲಿಲ್ಲ.