ಹೊಂಗೆ ಗುಂಡಿ, ನೀಲಗಿರಿ ಗುಂಡಿ

ನರ್ಸರಿಯವ್ವನ ಬಲಗೈ ಉಗುರಿನ ಸಂದಿಯ ಕರಿಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹೊಂಗೆ ಮರದಡಿ ಕೊಳೆತ ತರಗನ್ನು ಹಿಡಿ ತುಂಬ ಎತ್ತಿ ಮೂಸಿ, "ಈಗ ಸರ್ಯಾಗಿ ಕೊಳೆತದೆ ಕಣಪ್ಪ" ಅನ್ನುತ್ತಿದ್ದಳು. ಆ ಮಣ್ಣು ಬೆರೆಸದ ಮಡಿಗೆ ಒಂದು ಬೀಜವನ್ನೂ ಹಾಕಗೊಡುತ್ತಿರಲಿಲ್ಲ. ಅರವತ್ತರ ದಶಕ. ಹನೂರಿನಾಚೆ ಕಾಡಂಚಿನ ಅರಣ್ಯ ಇಲಾಖೆ ನರ್ಸರಿಯಲ್ಲಿ ಅವಳು ದಿನಗೂಲಿ, ನಾನು ಇನ್ನೂ ಕಾಯಂ ಆಗದ ಗಾರ್ಡು.

ಹೊಸದಾಗಿ ಬಂದ ಸಾಹೇಬರು ನರ್ಸರಿಯ ಹೊಂಗೆ ಸಾಲು ಕಡಿದು ಅಲ್ಲೂ ನೀಲಗಿರಿ ನೆಡಲು ಹೇಳಿದರು. ಗೊಬ್ಬರಕ್ಕೆ ನೀಲಗಿರಿ ಎಲೆಯೇ ಸಾಕಂತೆ. ಎಲೆ ಎಲ್ಲ ಒಂದೇ ಅಂತೆ! ಓದಿದವರ ಮಾತು ನೋಡಿ!

"ಒಂದೇ ಅಲ್ಲ ಸಾ," ಅಂದಳು ಅವ್ವ. "ಒಂಗೆ ಎಲೆ ಒಂದ್ ಮಳೆಗಾಲಕ್ಕೇ ಮಣ್ಣಾಯ್ತದೆ. ಇದು ಬಿದ್ದಂಗೇ ಬಿದ್ದಿರ್ತದೆ. ಬೇಕಾದ್ರೆ ಊತಾಕಿ ತೋರಿಸ್ತೀನಿ."

"ತೋರಿಸು, ಅಲ್ಲೀವರೆಗೂ ಮರ ಇರಲಿ" ಅಂದರು ಸಾಹೇಬರು.

ಮುಂಗಾರಿಗೆ ಮುಂಚೆ ಎರಡು ಗುಂಡಿ ತೋಡಿದಳು. ಒಂದಕ್ಕೆ ಹೊಂಗೆ ಎಲೆ, ಇನ್ನೊಂದಕ್ಕೆ ನೀಲಗಿರಿ. ಎರಡಕ್ಕೂ ಒಂದೊಂದು ಮಂಕರಿ ಸಗಣಿ. ಹೆಚ್ಚುಕಮ್ಮಿ ಆಗಬಾರದೆಂದು ನನ್ನ ಕೈಯಲ್ಲೇ ಸುರಿಸಿದಳು. ಅವಳು ಮಣ್ಣು ಮುಚ್ಚಿದ ಮೇಲೆ ದನ ತುಳಿಯದಂತೆ ಮುಳ್ಳು ಹಾಕಿದವನೂ ನಾನೇ.

ಮಳೆಗಾಲ ಮುಗಿದ ಮೇಲೆ ಸಾಹೇಬರ ಮುಂದೆ ಅಗೆದಳು. ಹೊಂಗೆ ಗುಂಡಿಯಲ್ಲಿ ಎರೆಹುಳು ಹರಿದಾಡುವ ಪುಡಿಮಣ್ಣು. ನೀಲಗಿರಿ ಗುಂಡಿಯಲ್ಲಿ ಎಲೆ ಎಲೆಯಾಗಿಯೇ ಇತ್ತು, ಅದೇ ಘಾಟು ವಾಸನೆ. ಸಾಹೇಬರ ಮುಖ ಕೆಂಪಾಯಿತು.

"ಈ ನೀಲಗಿರಿ ಎಲೇನ ನೆನ್ನೆ ತಾನೆ ತುಂಬಿದ್ದೀಯ. ಯಾರಿಗೆ ಟೋಪಿ ಹಾಕ್ತೀಯ?"

ಅವ್ವ ನನ್ನತ್ತ ತಿರುಗಿದಳು. "ಮಾತಾಡು ಗಾರ್ಡಪ್ಪ, ನಿನ್ ಮುಂದೇನೇ ಅಲ್ವಾ ಮುಚ್ಚಿದ್ದು?"

ನಾನು ಕಾಯಂ ಆಗುವ ಕಾಗದ ಆ ಸಾಹೇಬರ ಮೇಜಿನ ಮೇಲಿತ್ತು. ಬೂಟು ನೋಡಿಕೊಂಡು ನಿಂತೆ. ಥೂ, ನನ್ನ ಜನ್ಮಕ್ಕಿಷ್ಟು!

ಮೋಸಗಾತಿ ಎನ್ನಿಸಿಕೊಂಡು ಅವ್ವ ಕೆಲಸ ಕಳೆದುಕೊಂಡಳು. ಅದೇ ವಾರ ಹೊಂಗೆ ಸಾಲು ಉರುಳಿತು. ಕಣ್ಣೆದುರಿನ ಮಣ್ಣನ್ನೇ ಸುಳ್ಳೆಂದವರಿಗೆ ನಾವೆಲ್ಲ ಸಲಾಮು ಹೊಡೆದುಕೊಂಡು ಬಿದ್ದಿದ್ದೆವು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಎಷ್ಟೋ ವರ್ಷದ ಮೇಲೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಕೆಲ್ಸ ಕಾಯಂ ಆಯ್ತಾ ಮಗ?"

"ಆಯ್ತವ್ವ."

"ಆಗ್ಲಿ ಬುಡು" ಅಂದು ತನ್ನೂರು ಶಾಗ್ಯದ ಬಸ್ಸು ಹತ್ತಿದಳು.

ಮುಂದಿನ ಮಳೆಗಾಲಕ್ಕೆ ಹೋಗಿಬಿಟ್ಟಳು. ಶಾಗ್ಯದಲ್ಲಿ ಅವಳನ್ನು ಮಣ್ಣು ಮಾಡುವಾಗ ನಾನೂ ಒಂದು ಹಿಡಿ ಹಾಕಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದೆ: "ಮುಂಗಾರಿಗೆ ಮುಂಚೇನೇ ಮುಚ್ಚಿದ್ದು ಕಣ್ರಪ್ಪ. ನನ್ ಮುಂದೇನೇ."

ಏನು ಮುಚ್ಚಿದ್ದು ಎಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದವಳು ಕೇಳಿಸಿಕೊಳ್ಳುವ ಹಾಗಿರಲಿಲ್ಲ.