ಬಿಸಿ ಹೊದಿಕೆಯ ಬೀರು

ಡ್ರೈಯರ್‌ನಿಂದ ಆಗತಾನೇ ತೆಗೆದ ಟವೆಲ್ಲನ್ನು ಮಡಿಸುವ ಮೊದಲು ಒಮ್ಮೆ ಕೆನ್ನೆಗೆ ಒತ್ತಿಕೊಳ್ಳುವುದು ಅಮ್ಮನಿಂದ ನನಗೆ ಬಂದ ಅಭ್ಯಾಸ. ಡಾಲಸ್ ಬಳಿಯ ಫ್ಲವರ್ ಮೌಂಡ್‌ನ ನಮ್ಮ ಹಿತ್ತಿಲಲ್ಲಿ ಬಿಸಿಲಿಗೇನೂ ಬರವಿಲ್ಲ, ಆದರೆ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದರೆ ಬಡಾವಣೆಯ ಸಂಘದಿಂದ ಆಕ್ಷೇಪಣೆಯ ಪತ್ರ ಬರುತ್ತದೆ. ಹಾಗಾಗಿ ಅಮ್ಮ ಯಂತ್ರದ ಬಿಸಿಯನ್ನೇ ಪ್ರೀತಿಸಲು ಕಲಿತಳು, ಅವಳನ್ನು ನೋಡಿ ನಾನೂ ಕಲಿತೆ. ನೀವೂ ಒಮ್ಮೆ ಒತ್ತಿಕೊಂಡು ನೋಡಿ. ಆ ಅರೆನಿಮಿಷ ಯಾರ ಮೇಲೂ ಕೋಪ ಉಳಿಯುವುದಿಲ್ಲ.

2015ರ ಬೇಸಿಗೆ ರಜೆಯಲ್ಲಿ, ಹೈಸ್ಕೂಲಿನ ಕೊನೆಯ ವರ್ಷಕ್ಕೆ, ಅಂದರೆ ಹನ್ನೆರಡನೇ ತರಗತಿಗೆ, ಕಾಲಿಡುವ ಮುನ್ನ, ಡಾಲಸ್‌ನ ಒಂದು ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ಸೇರಿದಾಗ ನನ್ನನ್ನು ಮೊದಲು ಸೆಳೆದದ್ದು ಸ್ಟೆತೊಸ್ಕೋಪೂ ಅಲ್ಲ, ಬಿಳಿ ಕೋಟೂ ಅಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಒಂದು ಉಕ್ಕಿನ ಬೀರು. ಗಾಜಿನ ಬಾಗಿಲಿನ ಆ ಬೀರುವಿನೊಳಗೆ ಹೊದಿಕೆಗಳನ್ನು ಸದಾ ಬಿಸಿಯಾಗಿ ಇಟ್ಟಿರುತ್ತಿದ್ದರು. ನನ್ನಂಥ ಮಕ್ಕಳು ರೋಗಿಯನ್ನು ಹಿಡಿದೆತ್ತುವಂತಿರಲಿಲ್ಲ, ಔಷಧಿ ಮುಟ್ಟುವಂತಿರಲಿಲ್ಲ, ಕೇಳಿದವರಿಗೆ ಒಂದು ಲೋಟ ನೀರು ಕೊಡಬೇಕಾದರೂ ನರ್ಸ್ ಅಪ್ಪಣೆ ಬೇಕಿತ್ತು. ಹೊದಿಕೆಯನ್ನು ಮಾತ್ರ, ಯಾವ ಕೋಣೆಗೆ ಎಂದು ಹೇಳಿದರೆ ಸಾಕು, ಎದೆಗವಚಿಕೊಂಡು ಹೋಗಿ ಹೊದಿಸಬಹುದಿತ್ತು. ಆಸ್ಪತ್ರೆಯ ತಣ್ಣನೆಯ ಗಾಳಿಯಲ್ಲಿ ಮುದುಡಿದವರು ಅದು ಮೈಮೇಲೆ ಬಿದ್ದೊಡನೆ ಕಣ್ಣು ಮುಚ್ಚಿ 'ಓ' ಎನ್ನುತ್ತಿದ್ದರು. ನಾನು ಡೈರಿಯಲ್ಲಿ ಆ ದಿನ ಕೊಟ್ಟ ಹೊದಿಕೆಗಳಿಗೆ ಒಂದೊಂದು ಗೆರೆ ಎಳೆದು ಮಲಗುತ್ತಿದ್ದೆ.

ನಾನು ಎಲ್ಲಕ್ಕೂ ತಾರೀಖು ಹಾಕುವವಳು. ಬರೆಯುವುದು ಕನ್ನಡದಲ್ಲಿ; ಐದನೇ ತರಗತಿಯವರೆಗೆ ಮೈಸೂರಿನಲ್ಲಿ ಓದಿದ್ದು ಒಂದು ಕಾರಣ, ತಮ್ಮ ತೇಜಸ್‌ಗೆ ಕನ್ನಡ ಓದಲು ಬಾರದೆಂಬ ಧೈರ್ಯ ಇನ್ನೊಂದು. ಹಲ್ಲಿಗೆ ತಂತಿ ಹಾಕಿಸಿದ ದಿನ, ಮೊದಲ ಸಲ ಹೆದ್ದಾರಿಯಲ್ಲಿ ಡ್ರೈವ್ ಮಾಡಿದ ದಿನ, ಎಲ್ಲವೂ ಇವೆ. ಆದರೆ ಡಾಕ್ಟರಾಗುತ್ತೇನೆ ಎಂದು ನಾನು ಮೊದಲು ಹೇಳಿದ ದಿನ ಮಾತ್ರ ಯಾವ ಪುಟದಲ್ಲೂ ಇಲ್ಲ. ನಾನು ಹೇಳಿದೆನೋ, ಯಾರೋ ಹೇಳಿದ್ದನ್ನು ಅಲ್ಲಗಳೆಯದೆ ಸುಮ್ಮನಿದ್ದೆನೋ, ಅಂತೂ ಹದಿಮೂರರ ಹೊತ್ತಿಗೆ ಎಲ್ಲರೂ ಒಂದೊಂದು ಅಡುಗೆ ತರುವ ಪರಿಚಿತರ ಮನೆಗಳ ಪಾಟ್‌ಲಕ್ ಊಟಗಳಲ್ಲಿ ನನ್ನ ಹೆಸರು ಡಾಕ್ಟರಮ್ಮ ಎಂದಾಗಿಹೋಗಿತ್ತು. ಪುಳಿಯೋಗರೆ ಬಡಿಸಿಕೊಳ್ಳುತ್ತಿದ್ದಾಗ ಯಾರಾದರೂ ಫೋನಿನಲ್ಲಿ ಥೈರಾಯ್ಡ್ ರಿಪೋರ್ಟು ತೆರೆದು ತೋರಿಸುತ್ತಿದ್ದರು. ಹುಬ್ಬಳ್ಳಿ ಕಡೆಯ ಸುಧಾ ಆಂಟಿಯಂತೂ ಸೋಫಾದಿಂದ ಏಳದೆಯೇ ಕೂಗುತ್ತಿದ್ದರು: "ಡಾಕ್ಟ್ರ, ಇಲ್ಲೆ ಬರ್ರಿ. ಈ ಮೊಣಕಾಲು ಇಟ್ಕೊಳ್ಳೋದೋ, ಬದಲಿ ಮಾಡಿಸೋದೋ ಒಂದು ತೀರ್ಮಾನ ಹೇಳಿಬಿಡ್ರಿ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹಾಗೆ ನಗುತ್ತ ನಗುತ್ತಲೇ ಒಂದು ಬದುಕು ನಿಶ್ಚಯವಾಗಿಬಿಡಬಹುದೆಂದು ಆಗ ಹೊಳೆದಿರಲಿಲ್ಲ.

ಸ್ವಯಂಸೇವಕಿಯಾಗಿದ್ದ ಆ ಜುಲೈಯಲ್ಲಿ ಒಂದು ಮಧ್ಯಾಹ್ನ ಕೋಣೆಯೊಂದರ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಒಬ್ಬ ಮುದುಕರು ಹಲ್ಲು ಕಟಕಟಿಸುವಷ್ಟು ನಡುಗುತ್ತಿದ್ದರು. ಅವರ ಅಗಲ ಅಂಚಿನ ಟೋಪಿ ಪಕ್ಕದ ಕುರ್ಚಿಯ ಮೇಲೆ ಮಗುಚಿಕೊಂಡಿತ್ತು. ಹೊದಿಕೆ ಬೇಕೆಂದು ಕೈಸನ್ನೆ ಮಾಡಿದರು. ನಾನು ಬೀರುವಿಗೆ ಓಡಿ, ತೀರಾ ಒಳಗಿನ, ತೀರಾ ಬಿಸಿಯಾದದ್ದನ್ನೇ ಆರಿಸಿ ತಂದೆ. ಬಾಗಿಲಲ್ಲಿ ಮರಿಯಾ ಎಂಬ ನರ್ಸ್ ತಡೆದು, ಅವರಿಗೆ ಜ್ವರ ಏರುತ್ತಿದೆ, ಬಿಸಿ ಹೊದಿಕೆ ಕೂಡದು ಎಂದು ಮೆಲ್ಲಗೆ ಹೇಳಿದಳು. ಮುದುಕರು ಮಾತ್ರ ನನ್ನ ಕೈಯಲ್ಲಿದ್ದುದನ್ನು ನೋಡಿಬಿಟ್ಟಿದ್ದರು. ದಯವಿಟ್ಟು, ದಯವಿಟ್ಟು ಎಂದು ನನ್ನನ್ನೇ ಕೇಳಿದರು, ಮರಿಯಾಳನ್ನಲ್ಲ. ನಾನು ಕೊಡಲೂ ಇಲ್ಲ, ಕೊಡುವುದಿಲ್ಲ ಎಂದು ಹೇಳಲೂ ಇಲ್ಲ. ಎದೆಗವಚಿಕೊಂಡ ಹೊದಿಕೆ ತಣ್ಣಗಾಗುವವರೆಗೂ ಪಡಸಾಲೆಯ ಗೋಡೆಗೆ ಒರಗಿ ನಿಂತೆ. ಆಮೇಲೆ ಯಾರೋ ಬೇರೆ ಕೆಲಸಕ್ಕೆ ಕರೆದರು, ಹೋದೆ. ಆ ದಿನದ ಪುಟದಲ್ಲಿ ಗೆರೆ ಎಳೆಯಬೇಕೋ ಬೇಡವೋ ತಿಳಿಯದೆ ಜಾಗ ಖಾಲಿ ಬಿಟ್ಟೆ.

ಅಲ್ಲಿಂದ ಶುರುವಾಯಿತು ಗೊಂದಲ. ನನಗೆ ಇಷ್ಟವಾಗಿದ್ದುದು ವೈದ್ಯವೃತ್ತಿಯೋ, ಅಥವಾ ಜನ ಕಣ್ಣು ಮುಚ್ಚಿ 'ಓ' ಎನ್ನುವುದನ್ನು ನೋಡುವ ಸುಖವೋ? ನಡುಗುವವರಿಂದ ಹೊದಿಕೆಯನ್ನು ದೂರ ಇಡುವುದೂ ವೈದ್ಯರ ಕೆಲಸವೇ ಆದರೆ, ಅದು ನನ್ನ ಕೈಲಾಗುವ ಕೆಲಸವೇ? ಇಂಥ ಪ್ರಶ್ನೆಯನ್ನು ಕೂತು ಯೋಚಿಸಲು ವ್ಯವಧಾನ ಬೇಕು. ನನ್ನ ಬಳಿ ಇದ್ದದ್ದು ಪರೀಕ್ಷೆಗಳ ವೇಳಾಪಟ್ಟಿ. ಹೈಸ್ಕೂಲಿನಿಂದಲೇ ನೇರವಾಗಿ ಮೆಡಿಕಲ್ ಸೀಟು ಕಾಯ್ದಿರಿಸುವ ಒಂದು ಕೋರ್ಸಿಗೆ ಹ್ಯೂಸ್ಟನ್‌ನಲ್ಲಿ ಅರ್ಜಿ ಹಾಕಿದ್ದೆ. ಅದು ಸಿಕ್ಕರೆ ಹದಿನೇಳಕ್ಕೇ ಮುಂದಿನ ದಾರಿ ಗೊತ್ತಾದಂತೆ. ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಪದವಿಯ ಸೀಟೂ ಇತ್ತು. ಅಲ್ಲಿಗೆ ಹೋದರೆ ನಾಲ್ಕು ವರ್ಷ ಓದಿ ಆಮೇಲೆ ನೋಡೋಣ ಎನ್ನಬಹುದು. ಒಂದು ಊರಿನ ಹೆಸರು ಹೌದು ಎಂದಾಯಿತು, ಇನ್ನೊಂದರದು ನೋಡೋಣ ಎಂದಾಯಿತು.

ಜನವರಿಯಲ್ಲಿ ಸಂದರ್ಶನಕ್ಕೆಂದು ಅಪ್ಪ, ಅಮ್ಮ, ನಾನು ಹ್ಯೂಸ್ಟನ್‌ಗೆ ಹೊರಟೆವು. ಅಪ್ಪ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವರು. ಪ್ರಶ್ನೋತ್ತರಗಳ ಪಟ್ಟಿ ಮಾಡಿಕೊಂಡು ನನ್ನನ್ನೂ ದಾರಿಯುದ್ದಕ್ಕೂ ಹಾಗೆಯೇ ಪರೀಕ್ಷಿಸಿದರು. ಡಾಕ್ಟರ್ ಯಾಕಾಗಬೇಕು ಎಂಬ ಪ್ರಶ್ನೆಗೆ ನಾನು ತಡವರಿಸಿದಾಗ ಅವರಿಗೊಂದು ಉಪಾಯ ಹೊಳೆಯಿತು.

"ಅಜ್ಜಿಗೆ ಶುಗರ್ ಇದೆಯಲ್ಲ, ಅದನ್ನ ಹೇಳು."

"ಅಜ್ಜಿ ಆರಾಮಾಗಿದ್ದಾರಪ್ಪ. ನಿನ್ನೆ ಫೋನಲ್ಲಿ ಮೈಸೂರ್ ಪಾಕ್ ತಿಂತಾ ಇದ್ರು."

"ಅದನ್ನ ಹೇಳ್ಬೇಡ," ಎಂದಳು ಅಮ್ಮ ಹಿಂದಿನ ಸೀಟಿನಿಂದ.

ಸಂದರ್ಶನ ಮಾಡಿದವರು ನರೆಗೂದಲಿನ ಒಬ್ಬ ವೈದ್ಯೆ. ಬಾಯಿಪಾಠದ ಉತ್ತರಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಮೇಲೆ, ಈ ಕೆಲಸ ಬೇಡ ಅನ್ನಿಸಿದ ದಿನ ಯಾವುದಾದರೂ ಇದೆಯೇ ಎಂದು ಕೇಳಿದರು. ಅದಕ್ಕೆ ಅಪ್ಪನ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಟೋಪಿಯ ಮುದುಕರ ವಿಷಯ ಹೇಳಿದೆ. ಇವತ್ತಾದರೆ ಏನು ಮಾಡುತ್ತೀ ಎಂದರು. ಗೊತ್ತಿಲ್ಲ ಎಂದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ವಾಪಸು ಬರುವಾಗ ಸುತ್ತು ಹಾಕಿ ಆಸ್ಟಿನ್‌ನ ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿದೆವು. ಸೀಟು ಕೈತಪ್ಪಿತೆಂದು ಒಳಗೊಳಗೇ ನಂಬಿದ್ದ ನನಗೆ ಆ ರಾತ್ರಿಯ ಬಿಸಿಬೇಳೆ ಬಾತ್ ವಿಚಿತ್ರವಾಗಿ ರುಚಿಸಿತು.

ಏಪ್ರಿಲ್‌ನಲ್ಲಿ ಸೀಟು ಸಿಕ್ಕಿತು. ಗೊತ್ತಿಲ್ಲ ಎಂದವಳಿಗೆ ಏಕೆ ಕೊಟ್ಟರೆಂಬುದು ಹೊಸ ಗೊಂದಲವಾಯಿತು. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು; ಸುಧಾ ಆಂಟಿ ಫೋನ್ ಮಾಡಿ ಮೊಣಕಾಲನ್ನು ನೀವು ಡಾಕ್ಟ್ರಾಗೂತನಕ ಎಂಟು ವರ್ಷ ಹೆಂಗಾದರೂ ತಳ್ತೀನ್ರಿ ಎಂದರು. ಅಪ್ಪ ಮಾತ್ರ ದಿನಾ ಸಂಜೆ ಒಮ್ಮೆ ನನ್ನ ಮುಖ ನೋಡಿ ಕಾರು ತೊಳೆಯಲು ಹೋಗುತ್ತಿದ್ದರು.

ಕೊನೆಯ ವಾರದ ಶನಿವಾರ ಮಧ್ಯಾಹ್ನ ತೇಜಸ್‌ಗೆ ಚಳಿಜ್ವರ ಬಂತು. ಥರ್ಮಾಮೀಟರ್ ನೂರಮೂರು ತೋರಿಸಿತು. ಅಮ್ಮ ಜ್ವರದ ಮಾತ್ರೆ ಕೊಟ್ಟು, ಮನೆಯಲ್ಲಿದ್ದ ದಪ್ಪ ರಜಾಯಿಗಳನ್ನೆಲ್ಲ ಅವನ ಮೇಲೆ ಪೇರಿಸಿದಳು. ನಾನು ಹೋಗಿ ಒಂದೊಂದನ್ನೇ ತೆಗೆದು, ತೆಳು ಹೊದಿಕೆಯೊಂದನ್ನು ಮಾತ್ರ ಬಿಟ್ಟೆ.

"ಪಾಪ, ನಡುಗ್ತಾ ಇದಾನೆ ಕಣೇ," ಎಂದಳು ಅಮ್ಮ.

"ಗೊತ್ತಮ್ಮ. ಬೇಡ."

ತೇಜಸ್ ನನ್ನನ್ನು ಇಂಗ್ಲಿಷಿನಲ್ಲಿ ಬೈದ. ನೀನು ಪ್ರಪಂಚದಲ್ಲೇ ಅತಿ ಕೆಟ್ಟ ಡಾಕ್ಟರ್ ಆಗ್ತೀಯ ಎಂಬುದು ಅದರ ಸಾರಾಂಶ. ಸರಿ ಎಂದೆ. ಅವನು ಮುಖ ತಿರುಗಿಸಿಕೊಂಡ. ನಾನು ಎದ್ದು ಹೋಗಲಿಲ್ಲ; ಅವನ ಅಂಗಾಲು ಹಿಡಿದು ಕೂತೆ, ಒಮ್ಮೆ ಕೊಡವಿದ, ಮತ್ತೆ ಹಿಡಿದೆ. ಆಸ್ಪತ್ರೆಯ ಗೋಡೆಗೆ ಒರಗಿ ನಿಂತ ಹೊತ್ತು ನೆನಪಾಯಿತು. ಕೊಡದೇ ಇದ್ದದ್ದು ಮರಿಯಾಳ ನಿರ್ಧಾರ. ಆದರೆ ಒಳಗೆ ಹೋಗಿ, ಆ ಟೋಪಿಯನ್ನು ಎತ್ತಿಟ್ಟು, ಖಾಲಿ ಕೈಯಲ್ಲಿ ಆ ಕುರ್ಚಿಯಲ್ಲಿ ಕೂರಬಹುದಿತ್ತು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಹೊಳೆದದ್ದು ಉತ್ತರವೋ, ಸಮಾಧಾನವೋ, ಇಂದಿಗೂ ಹೇಳಲಾರೆ.

ಸಂಜೆಯ ಹೊತ್ತಿಗೆ ಅವನ ಹಣೆ ಬೆವರಿತು, ಜ್ವರ ಇಳಿಯಿತು, ನಡುಕ ನಿಂತಿತು. ಅಂಗಿ ಬದಲಿಸಿ ಮಲಗಿದ. ಅಮ್ಮ ಅವನಿಗೆ ಗಂಜಿ ಕಾಯಿಸುತ್ತಿದ್ದಾಗ ನಾನು ಊಟದ ಮೇಜಿನ ಮುಂದೆ ಕೂತು ಹ್ಯೂಸ್ಟನ್‌ಗೆ ಒಪ್ಪಿಗೆ ಕಳಿಸಿದೆ. ಖುಷಿ ಆಯ್ತೇನೇ ಎಂದಳು ಅಮ್ಮ. ಗೊತ್ತಿಲ್ಲಮ್ಮ ಎಂದೆ, ಈ ಸಲ ಆ ಮಾತು ಹೇಳಲು ಭಯವಾಗಲಿಲ್ಲ. ಅಪ್ಪನಿಗೆ ಕೇಳಿಸಿತ್ತೇನೋ, ಅವತ್ತು ಕಾರು ತೊಳೆಯಲು ಹೋಗಲಿಲ್ಲ.

ಆಮೇಲೆ ಡ್ರೈಯರ್‌ನಲ್ಲಿ ಹತ್ತಿಯ ಹೊದಿಕೆಯೊಂದನ್ನು ಬಿಸಿ ಮಾಡಿದೆ. ಅಭ್ಯಾಸದಂತೆ ಕೆನ್ನೆಗೆ ಒತ್ತಿಕೊಳ್ಳಲು ಹೋದವಳು ನಿಂತೆ. ಮೊದಲು ಅವನ ಹಣೆ ಮುಟ್ಟಿ ನೋಡಿದೆ, ಥರ್ಮಾಮೀಟರ್ ಇಟ್ಟು ಇನ್ನೊಮ್ಮೆ ನೋಡಿದೆ. ಅಷ್ಟರಲ್ಲಿ ಹೊದಿಕೆ ಕೊಂಚ ಆರಿತ್ತು. ಹೊದಿಸಿದೆ. ತೇಜಸ್ ಕಣ್ಣು ತೆರೆಯದೆಯೇ 'ಓ' ಎಂದ.